ಚಳಿ ಕಾಯಿಸುವ ಬೆಂಕಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಸೊಸೈಟಿಯಲ್ಲಿ ಅಂಗಳದ ಬೆಂಕಿಗೆ ನಿಯಮ ಬರೆಯುತ್ತಿದ್ದಾರೆ. ಮರಾಠಿ ಪ್ರತಿ ತಯಾರಾಗಿದೆ. ಇಲ್ಲಿನ ವಾಚ್‌ಮನ್‌ಗಳು, ಗಾರೆ ಕೆಲಸದವರಲ್ಲಿ ಕಲಬುರಗಿ, ವಿಜಯಪುರದ ಕಡೆಯವರು ಜಾಸ್ತಿ. ಅವರಿಗಾಗಿ ಕನ್ನಡ ಪ್ರತಿ ಬರೆಯುವುದು ನನ್ನ ಪಾಲಿಗೆ ಬಂದಿದೆ. ಮೊದಲ ಸಾಲೇ ಮುಂದೆ ಹೋಗುತ್ತಿಲ್ಲ.

ಮರಾಠಿಯಲ್ಲಿ ‘ಶೇಕೋಟಿ’ ಅಂದರೆ ಸಾಕು. ನಾಲ್ಕು ಜನ ಸುತ್ತ ಕೂತು ಮೈ ಕಾಯಿಸಿಕೊಳ್ಳುವ ಬೆಂಕಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ‘ಬೆಂಕಿ ಕಾಯಿಸು’ ಇದೆ, ಆ ಕಡೆಯವರ ಬಾಯಲ್ಲಿ ‘ಬೆಂಕಿ ಕಾಸು’. ಆದರೆ ಆ ಬೆಂಕಿಗೇ ಒಂದು ಹೆಸರು ಸಿಗುತ್ತಿಲ್ಲ. ‘ಬೆಂಕಿ ಹಚ್ಚಬಾರದು’ ಎಂದು ಬರೆದರೆ ಊರಿಗೆ ಬೆಂಕಿ ಇಡುವವರಿಗೆ ಹೇಳಿದ ಹಾಗಿರುತ್ತದೆ. ಕಸ ಸುಡುವುದೂ ಅದರಲ್ಲೇ ಸೇರಿಬಿಡುತ್ತದೆ. ಅದು ಬೇರೆಯೇ ವಿಷಯ ಅಲ್ವಾ? ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ವಸೂಲಿ ಮಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಹೇಳಿತ್ತು. ಎರಡನ್ನೂ ಒಂದೇ ಮಾತಲ್ಲಿ ಹೇಳಿದರೆ ರಾತ್ರಿ ಪಾಳಿಯವರು ಸುಮ್ನೆ ಹೆದರುತ್ತಾರೆ.

‘ಅಗ್ಗಿಷ್ಟಿಕೆ’ ಅನ್ನಿ ಎಂದರು ಒಬ್ಬರು. ಚಂದದ ಪದ. ಆದರೆ ಅದು ಬೆಂಕಿಯಲ್ಲ, ಬೆಂಕಿ ಇಡುವ ಗೂಡು. ಸಮಿತಿಯವರು ಮಾದರಿಗೆಂದು ಇಟ್ಟುಕೊಂಡಿರುವುದು ಅಮೆರಿಕದ ಬಹಳಷ್ಟು ಊರುಗಳು ಬಳಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್ ಎಂಬ ಬೆಂಕಿ ಸುರಕ್ಷತೆಯ ನಿಯಮಾವಳಿ. ಅದರ ಪ್ರಕಾರ ‘ರಿಕ್ರಿಯೇಷನಲ್ ಫೈರ್’ ಅಂದರೆ ಒಲೆ, ಗೂಡು ಯಾವುದೂ ಇಲ್ಲದೆ ಉರಿಯುವ ಬೆಂಕಿ. ಸೌದೆಯ ರಾಶಿ 3 ಅಡಿ ಅಗಲ, 2 ಅಡಿ ಎತ್ತರ ಮೀರಬಾರದು. ಕಟ್ಟಡದಿಂದ 25 ಅಡಿ ದೂರ ಇರಬೇಕು. ಅಗ್ಗಿಷ್ಟಿಕೆಯಂಥ ಎತ್ತಿಡುವ ಒಲೆಗಾದರೆ 15 ಅಡಿ ಸಾಕು. ಇಲ್ಲಿ ತಪ್ಪು ಪದ ಹಾಕಿದರೆ ಬೆಂಕಿ ಗೋಡೆಗೆ ಇನ್ನೂ 10 ಅಡಿ ಹತ್ತಿರವಾಗುತ್ತದೆ.

‘ರಿಕ್ರಿಯೇಷನಲ್ ಫೈರ್’ ಅನ್ನು ಹಾಗೇ ಕನ್ನಡಿಸಿ ‘ಮನರಂಜನಾ ಬೆಂಕಿ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಜನವರಿಯ ರಾತ್ರಿ ಗೇಟಿನ ಹತ್ತಿರ ಕೂತವರಿಗೆ ಅದು ಮನರಂಜನೆಯಲ್ಲ. ಆ ಕೋಡ್‌ನಲ್ಲೂ ಮೋಜಿನ ಜೊತೆಗೆ ಅಡುಗೆ, ಪೂಜೆ, ಮೈ ಬೆಚ್ಚಗೆ ಮಾಡಿಕೊಳ್ಳುವುದು ಎಲ್ಲವೂ ಸೇರಿದೆ. ‘ಶಿಬಿರಾಗ್ನಿ’ ಸ್ಕೌಟ್ ಮಕ್ಕಳಿಗೆ ಸರಿ, ನೋಟಿಸಿಗಲ್ಲ.

ಸದ್ಯಕ್ಕೆ ‘ಚಳಿಬೆಂಕಿ’ ಎಂದು ಬರೆದಿದ್ದೇನೆ. ‘ಚಳಿಬೆಂಕಿ ಆರುವ ತನಕ ಒಬ್ಬರು ಅಲ್ಲೇ ಇರಬೇಕು. ನೀರಿನ ಪೈಪು ಅಥವಾ ಮರಳಿನ ಬಕೆಟ್ಟು ಕೈಗೆ ಸಿಗುವಂತಿರಬೇಕು.’ ಓದಿದ ಕೂಡಲೇ ತಿಳಿಯುತ್ತದಾ? ಬೀದರ್, ಕಲಬುರಗಿ ಕಡೆ, ಇಲ್ಲವೇ ಮಲೆನಾಡಿನಲ್ಲಿ ಇದಕ್ಕೆ ಮನೆಮಾತಿನ ಹೆಸರಿದ್ದರೆ ತಿಳಿಸಿ. ಬಚ್ಚಲೊಲೆಯ ಬೆಂಕಿಗೂ ಅದೇ ಪದವಾ ಎಂಬುದನ್ನೂ ಬರೆಯಿರಿ.