ಕ್ಯಾನ್ಸರ್ ಜೀನ್ ಕೋಶವನ್ನು ಹಿಗ್ಗಿಸುತ್ತದೆಯೋ, ಕುಗ್ಗಿಸುತ್ತದೆಯೋ?

ಮಾಟುಂಗಾ ಓದುಗ: ಅಣ್ಣನ ಶ್ವಾಸಕೋಶದ ಬಯಾಪ್ಸಿ ವರದಿಯಲ್ಲಿ ‘ಸ್ಮಾಲ್ ಸೆಲ್ ಕಾರ್ಸಿನೋಮ’, ಅಂದರೆ ಚಿಕ್ಕ ಕೋಶಗಳ ಕ್ಯಾನ್ಸರ್, ಎಂದಿದೆ. ಕ್ಯಾನ್ಸರ್ ಜೀನ್‌ಗಳು ಕೋಶವನ್ನು ಕೊಬ್ಬಿಸುತ್ತವೆ ಎಂದೇ ನಂಬಿದ್ದೆ. ಇಲ್ಲಿ ಚಿಕ್ಕದಾದದ್ದು ಹೇಗೆ? ಚಿಕ್ಕದೆಂದರೆ ಸೌಮ್ಯವೇ?

ಪರೇಲ್ ಪ್ರಯೋಗಾಲಯ: ಖಂಡಿತ ಸೌಮ್ಯವಲ್ಲ, ಬೇಗ ಹರಡುವ ಜಾತಿ. ಚಿಕಿತ್ಸೆಗೆ ಒಂದು ದಿನವೂ ತಡಮಾಡಬೇಡಿ. ಈ ಸ್ಲೈಡುಗಳನ್ನು ವರ್ಷಗಳಿಂದ ನೋಡುತ್ತಿದ್ದೇನೆ: ಗಾಢ ನೀಲಿಯ ಕೋಶಕೇಂದ್ರಗಳು ಒಂದಕ್ಕೊಂದು ಒತ್ತಿಕೊಂಡು ಆಕಾರ ಕೆಟ್ಟಿರುತ್ತವೆ, ಸುತ್ತ ಕೋಶದ್ರವ್ಯ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಒಂದು ಕೋಶ, ಮೂರು ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಸಾಲಾಗಿ ಇಟ್ಟಷ್ಟು ಅಗಲವನ್ನೂ ಸಾಮಾನ್ಯವಾಗಿ ಮೀರುವುದಿಲ್ಲ.

ಪುಣೆ ಸಂಶೋಧಕಿ: ಆದರೂ ನಿಮ್ಮ ನಂಬಿಕೆ ಪೂರ್ತಿ ಸುಳ್ಳಲ್ಲ. 1999ರಲ್ಲಿ ಹಣ್ಣುನೊಣದ ರೆಕ್ಕೆಯಾಗುವ ಅಂಗಾಂಶದಲ್ಲಿ ಮಿಕ್ ಎಂಬ, ಅತಿಯಾದರೆ ಕ್ಯಾನ್ಸರಿಗೆ ದಾರಿಯಾಗುವ ಜೀನನ್ನು ಹೆಚ್ಚಿಸಿ ನೋಡಿದರು. ಕೋಶಗಳು ಹಿಗ್ಗಿದವು, ವಿಭಜನೆಯ ವೇಗ ಮಾತ್ರ ಏರಲಿಲ್ಲ. ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಅಥವಾ ಟಿಎಸ್‌ಸಿ ಜೀನ್ ಕೆಟ್ಟರೂ, ಕೋಶವನ್ನು ಬೆಳೆಸುವ ಎಂಟಾರ್ ಎಂಬ ಪ್ರೋಟೀನ್ ಕಡಿವಾಣವಿಲ್ಲದೆ ಓಡುತ್ತದೆ, ಕೋಶ ಉಬ್ಬುತ್ತದೆ. ಟಿಎಸ್‌ಸಿ ಜೀನ್ ಕೆಟ್ಟು ಬರುವ ಟ್ಯೂಬರಸ್ ಸ್ಕ್ಲೆರೋಸಿಸ್ ಕಾಯಿಲೆ ಇರುವವರ ಮಿದುಳಿನಲ್ಲಿ ದೈತ್ಯ ಕೋಶಗಳು ಸಿಗುವುದು ಇದರಿಂದಲೇ.

ಮಡಗಾಂವ್ ಶಿಕ್ಷಕ: ಒಪ್ಪುವುದಿಲ್ಲ. ಮಿಕ್ ಕುಟುಂಬದ ಜೀನ್‌ಗಳು ಸ್ಮಾಲ್ ಸೆಲ್‌ನಲ್ಲೂ ಹಲವರಲ್ಲಿ ಹೆಚ್ಚಾಗಿರುತ್ತವೆ. ಮಿಕ್ ಹಿಗ್ಗಿಸುವುದಾದರೆ ಇಲ್ಲೇಕೆ ಹಿಗ್ಗಿಸಲಿಲ್ಲ?

ಪುಣೆ ಸಂಶೋಧಕಿ: ಸರಿಯಾದ ಜಾಗದಲ್ಲೇ ಹಿಡಿದಿರಿ, ನಾನು ಅರ್ಧ ಮಾತ್ರ ಹೇಳಿದ್ದೆ. ಕೋಶ ಬೆಳೆಯುವುದು ಬೇರೆ, ಎರಡಾಗಿ ಒಡೆಯುವುದು ಬೇರೆ. ಎರಡನ್ನೂ ಜೋಡಿಸಿಡುವವರಲ್ಲಿ ವಿಭಜನೆಯನ್ನು ತಡೆದು ನಿಲ್ಲಿಸುವ ಆರ್‌ಬಿ ಎಂಬ ಪ್ರೋಟೀನ್ ಮುಖ್ಯ. ಕೋಶ ಬೆಳೆದಂತೆ, ನೀರು ಬೆರೆಸಿದ ಸಾರಿನ ಉಪ್ಪಿನ ಹಾಗೆ, ಆರ್‌ಬಿಯ ಸಾಂದ್ರತೆ ಇಳಿಯುತ್ತದೆ. ತಕ್ಕಷ್ಟು ಸಪ್ಪೆಯಾದ ಮೇಲೆ ವಿಭಜನೆಗೆ ಮುಂಚಿನ ಡಿಎನ್‌ಎ ನಕಲು ಆರಂಭ. ಮಾನವ ಕೋಶಗಳಲ್ಲಿ ಇದನ್ನು ತೋರಿಸಿದ್ದು 2020ರಲ್ಲಿ. ಸ್ಮಾಲ್ ಸೆಲ್‌ನಲ್ಲಿ ಆರ್‌ಬಿ ಬಹುತೇಕ ಎಲ್ಲರಲ್ಲೂ ನಷ್ಟವಾಗಿರುತ್ತದೆ. ತಡೆಯುವವರಿಲ್ಲದ ಕೋಶ ಮೈ ತುಂಬುವ ಮೊದಲೇ ಒಡೆಯುತ್ತದೆ. ಮಿಕ್ ಎಷ್ಟೇ ಉಣಿಸಿದರೂ ಬೆಳೆಯಲು ಬಿಡುವು ಬೇಕಲ್ಲ! ಅಣ್ಣನವರ ಕೋಶ ಚಿಕ್ಕದಾಗಲು ಇದೊಂದೇ ಕಾರಣ ಎನ್ನಲಾರೆ, ಬಲವಾದ ಕಾರಣ ಎನ್ನುತ್ತೇನೆ.

ಪರೇಲ್ ಪ್ರಯೋಗಾಲಯ: ಬೇರೆ ಹಲವು ಕ್ಯಾನ್ಸರ್‌ಗಳಲ್ಲಿ ಒಂದೇ ನೋಟದಲ್ಲಿ ಪುಟ್ಟದೂ ಇರುತ್ತದೆ, ಪಕ್ಕದಲ್ಲೇ ಅದರ ಮೂರರಷ್ಟು ದೊಡ್ಡದೂ ಇರುತ್ತದೆ. ಅಲ್ಲಿ ನಮ್ಮನ್ನು ಎಚ್ಚರಿಸುವುದು ಆ ಏರುಪೇರು.

ಮಾಟುಂಗಾ ಓದುಗ: ಈಗ ಅರ್ಥವಾಯಿತು. ನಾಳೆ ಬೆಳಿಗ್ಗೆಯೇ ಅಣ್ಣನನ್ನು ಕರೆದುಕೊಂಡು ಹೋಗುತ್ತೇನೆ.

ಪರೇಲ್ ಪ್ರಯೋಗಾಲಯ: ವರದಿಯ ಜತೆಗೆ ಸ್ಲೈಡುಗಳನ್ನೂ ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಒಯ್ಯಿರಿ. ಮರುಪರೀಕ್ಷೆಗೆ ಅವನ್ನೇ ಕೇಳುತ್ತಾರೆ.