ಕಸೂತಿ ಸೀರೆಗೆ ‘ಸೊಫಿಸ್ಟಿಕೇಟೆಡ್’ ಅಂದರೆ ಹೊಗಳಿದಂತೆಯೋ, ಬೈದಂತೆಯೋ?

ಧಾರವಾಡದ ಕಸೂತಿಯವಳು:
ಇಳಕಲ್ ಸೀರೆಗೆ ಕಸೂತಿ ಹಾಕುವುದು ನನ್ನ ಕೆಲಸ, ಇಪ್ಪತ್ತು ವರ್ಷ ಆಯಿತು. ಮೊನ್ನೆ ಒಂದು ಚಂದ್ರಕಾಳಿ ಸೀರೆ ಮುಗಿಸಿದೆ. ಕಪ್ಪು ಮೈ, ಸೆರಗಿನ ತುಂಬ ಗೋಪುರ, ತುಳಸಿ ಕಟ್ಟೆ, ಆನೆ ಅಂಬಾರಿ. ಫೋಟೋ ನೋಡಿದ ಬೆಂಗಳೂರಿನ ಗಿರಾಕಿ ‘ವೆರಿ ಸೊಫಿಸ್ಟಿಕೇಟೆಡ್’ ಅಂತ ಬರೆದರು. ಖುಷಿಯಿಂದ ಮನೆಯ ಹಳೇ ಡಿಕ್ಷನರಿ ತೆಗೆದೆ. ಅದರಲ್ಲಿ ‘ಕಲಬೆರಕೆಯಾದ’ ಅಂತಲೂ ಇದೆ! ಗುರುತು ಹಾಕಿಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಿದ ಕೆಲಸ ಇದು. ಮನಸ್ಸಿಗೆ ಕಸಿವಿಸಿ ಆಗಿದೆ. ಅವರಿಗೆ ಏನಂತ ಬರೆಯಲಿ?

ಹುಬ್ಬಳ್ಳಿ ಹುಡುಗ:
ಅಕ್ಕಾ, ಹೊಗಳಿದ್ದಾರೆ, ಚಿಂತೆ ಬೇಡ. ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಮಷೀನಿಗೂ ಇದೇ ಮಾತು ಹೇಳುತ್ತೇವೆ. ಅಲ್ಲಿ ಮಾತ್ರ ‘ಬಹಳ ಮುಂದುವರಿದದ್ದು, ಒಳಗೆ ಜಟಿಲವಾದದ್ದು’ ಅಂತ ಅರ್ಥ.

ಗದಗಿನ ಇಂಗ್ಲಿಷ್ ಮಾಸ್ತರ, ನಿವೃತ್ತ:
ಅಕ್ಕಾರ, ನಿಮ್ಮ ಡಿಕ್ಷನರಿ ಸುಳ್ಳು ಹೇಳಿಲ್ಲ. ಗ್ರೀಕರಲ್ಲಿ ‘ಸೊಫಿಯಾ’ ಅಂದರೆ ಜ್ಞಾನ. ದುಡ್ಡು ಪಡೆದು ವಾದ ಮಾಡುವುದನ್ನು ಕಲಿಸುತ್ತಿದ್ದವರು ಸೋಫಿಸ್ಟರು. ಸುಳ್ಳನ್ನೂ ನಿಜದ ಹಾಗೆ ತೋರಿಸುತ್ತಾರೆ ಅಂತ ಅವರಿಗೆ ಕೆಟ್ಟ ಹೆಸರು ಬಂತು. ಆ ಹೆಸರೇ ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದಾಗ ‘ಬೆರಕೆ ಮಾಡು’ ಅಂತ ಆಯಿತು. 1600ರ ಸುಮಾರಿಗೆ ವೈನಿಗೆ, ಔಷಧಿಗೆ ಏನಾದರೂ ಬೆರೆಸಿದ್ದರೆ ಅದು ಸೊಫಿಸ್ಟಿಕೇಟೆಡ್. ಹಳೇ ಪುಸ್ತಕದ ವ್ಯಾಪಾರಿಗಳು ಇವತ್ತಿಗೂ, ಬೇರೆ ಪ್ರತಿಯ ಹಾಳೆ ಸೇರಿಸಿ ಪೂರ್ತಿ ಮಾಡಿದ ಪುಸ್ತಕಕ್ಕೆ ಈ ಮಾತು ಬಳಸುತ್ತಾರೆ.

ಮನುಷ್ಯರಿಗೆ ಅಂಟಿದ ಮೇಲೆ ಮಾತು ತಿರುಗಿತು. ಮೊದಲು ‘ಮುಗ್ಧತೆ ಕಳೆದುಕೊಂಡವನು’, ಆಮೇಲೆ ‘ಲೋಕ ಕಂಡವನು’, ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಈಚೆಗೆ ‘ಒಳ್ಳೆ ಅಭಿರುಚಿ ಇರುವವನು’. ಬಟ್ಟೆಗೆ ಹೇಳಿದಾಗ ‘ಅಬ್ಬರ ಇಲ್ಲ, ನಾಜೂಕಾಗಿದೆ’ ಅಂತ ತಿಳಿಯಿರಿ.

ಆದರೂ ನಿಮ್ಮ ಕೆಲಸಕ್ಕೆ ಆ ಪದ ಸಾಲದು ಅಂತ ನನಗೆ ಅನಿಸುತ್ತದೆ. ಪ್ರತಿ ವರ್ಷ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟು ತೋರಿಸಿ ಇಂಗ್ಲಿಷಿನಲ್ಲಿ ಒಂದು ಪದ ಹೇಳಿ ಅನ್ನುತ್ತಿದ್ದೆ. ಬ್ಯೂಟಿಫುಲ್, ನೈಸ್ ಅನ್ನುತ್ತಿದ್ದರು. ಒಮ್ಮೆ ಹಿಂದೆ ನಿಂತಿದ್ದ ಹುಡುಗಿ ಮೆಲ್ಲಗೆ ‘ಕುಸುರಿ’ ಅಂದಳು. ಕೈ, ಕಣ್ಣು, ತಾಳ್ಮೆ ಮೂರೂ ಆ ಒಂದು ಪದದಲ್ಲಿವೆ. ಅದಕ್ಕೆ ಸರಿಯಾದ ಇಂಗ್ಲಿಷ್ ಪದ ನಾನು ಆ ಮಗುವಿಗೆ ಕೊಡಲಿಲ್ಲ. ಬೇಕು ಅಂತಲೂ ಅನಿಸಲಿಲ್ಲ.

ಧಾರವಾಡದ ಕಸೂತಿಯವಳು:
ಮಾಸ್ತರ್ರೇ, ಕಣ್ಣು ತುಂಬಿ ಬಂತು. ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ ತರಹ ಕಾಣಬೇಕು, ಎಲ್ಲೂ ಗಂಟು ಇರಬಾರದು. ಅದನ್ನು ಗಿರಾಕಿಗೆ ತೋರಿಸಿಯೇ ಇರಲಿಲ್ಲ. ಈಗ ಸೆರಗನ್ನು ತಿರುವಿ, ಹಿಂಬದಿಯ ಫೋಟೋ ಕಳಿಸಿದೆ. ಕೆಳಗೆ ‘ಕುಸುರಿ’ ಅಂತ ಕನ್ನಡದಲ್ಲೇ ಬರೆದೆ.