400 ವ್ಯಾಟ್ ಪ್ಯಾನೆಲ್ ಒಂದು ತಗೊಂಡ್ರೆ ರಾತ್ರಿ ಕರೆಂಟ್ ಹೋದಾಗ ಸಾಕಾಗುತ್ತಾ?

ಹೊಸಬ_ಸೋಲಾರ್:
ಎಲ್ಲರಿಗೂ ನಮಸ್ಕಾರ, ಸೋಲಾರ್ ಬಗ್ಗೆ ನಂಗೆ ಏನೂ ಗೊತ್ತಿಲ್ಲ, ಒಂದು ವಾರದಿಂದ ವಿಡಿಯೋ ನೋಡಿ ನೋಡಿ ತಲೆ ಕೆಟ್ಟೋಗಿದೆ. ಅಮ್ಮ ರಾತ್ರಿ ಸಿಪ್ಯಾಪ್ ಮಷಿನ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕ್ ಮೂಲಕ ಗಾಳಿ ಒತ್ತೋದು) ಹಾಕ್ಕೊಂಡು ಮಲಗ್ತಾರೆ, ಕರೆಂಟ್ ಹೋದ್ರೆ ಅದು ನಿಂತೋಗಿ ಅವರು ಗಾಬರಿಯಿಂದ ಎದ್ದು ಕೂತ್ಕೊಳ್ತಾರೆ, ಅದಕ್ಕೇ ಇದೆಲ್ಲ. ಅದರ ಜೊತೆ 2 ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ತಿನ್ನೋ ಥರದ್ದು), 2 ಎಲ್‌ಇಡಿ ಬಲ್ಬ್, ವೈಫೈ ರೂಟರ್, ಆಗೋದಾದ್ರೆ ಫ್ರಿಜ್ಜೂ ಓಡ್ಬೇಕು. 400 ವ್ಯಾಟ್ ಪ್ಯಾನೆಲ್ ಒಂದು, "2000 ವ್ಯಾಟ್" ಅಂತ ದೊಡ್ಡದಾಗಿ ಬರ್ದಿರೋ ಪವರ್ ಸ್ಟೇಷನ್ (ಬ್ಯಾಟರಿ, ಇನ್ವರ್ಟರ್ ಎಲ್ಲ ಒಳಗೇ ಇರೋ ಡಬ್ಬ) ಒಂದು ನೋಡಿಟ್ಟಿದ್ದೀನಿ. ತಗೊಳ್ಲಾ?

ವ್ಯಾಟ್_ಲೆಕ್ಕ:
ಸ್ವಲ್ಪ ತಡ್ಕೊಳ್ಳಿ, ಈಗಲೇ ತಗೋಬೇಡಿ. 2000 ವ್ಯಾಟ್ ಅಂದ್ರೆ ಅದು ಒಂದೇ ಸಲಕ್ಕೆ ಎಷ್ಟು ಲೋಡ್ ಎಳೀಬಹುದು ಅಂತ ಅಷ್ಟೇ, ಎಷ್ಟು ಹೊತ್ತು ಅಂತ ಅಲ್ಲ. ಎಷ್ಟು ಹೊತ್ತು ಅನ್ನೋದು ವ್ಯಾಟ್ ಅವರ್‌ನಲ್ಲಿರುತ್ತೆ, ಅದನ್ನ ಸಣ್ಣ ಅಕ್ಷರದಲ್ಲಿ ಎಲ್ಲೋ ಕೆಳಗೆ ಹಾಕಿರ್ತಾರೆ. ನೀರಿನ ಟ್ಯಾಂಕ್ ಥರ ನೋಡಿ, ವ್ಯಾಟ್ ಅಂದ್ರೆ ನಲ್ಲಿಯ ದಪ್ಪ, ವ್ಯಾಟ್ ಅವರ್ ಅಂದ್ರೆ ಟ್ಯಾಂಕ್ ಒಳಗಿನ ನೀರು.

ನಿಮ್ಮದೇ ಲೆಕ್ಕ ಹಾಕೋಣ, 8 ಗಂಟೆ ರಾತ್ರಿ. ಫ್ಯಾನ್ 30 ವ್ಯಾಟ್‌ನಂತೆ ಎರಡಕ್ಕೆ 480 ವ್ಯಾಟ್ ಅವರ್, ಸಿಪ್ಯಾಪ್ 40 ಅಂದ್ಕೊಂಡ್ರೆ 320, ರೂಟರ್ 80, ಬಲ್ಬ್ 4 ಗಂಟೆ ಉರಿದ್ರೆ 72, ಫ್ರಿಜ್ ರಾತ್ರಿಗೆ ಸುಮಾರು 500. ಒಟ್ಟು 1450 ಹತ್ರ ಬಂತು. ಇನ್ವರ್ಟರ್ ತಾನೂ ತಿನ್ನುತ್ತೆ, ಸುಮ್ನೆ ಆನ್ ಇದ್ರೂ 10-20 ವ್ಯಾಟ್ ಹೋಗ್ತಿರುತ್ತೆ, ಕನ್ವರ್ಷನ್‌ನಲ್ಲಿ ಇನ್ನೊಂದು 10 ಪರ್ಸೆಂಟ್ ಹೋಗುತ್ತೆ, ಹಾಗಾಗಿ 1750 ಅಂತ ಇಟ್ಕೊಳ್ಳಿ. ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಇದ್ರೆ ಬೇಗ ಹಾಳಾಗುತ್ತೆ, ಅಂದ್ರೆ 12 ವೋಲ್ಟ್ 150 ಎಎಚ್‌ದು (ಎಎಚ್ ಅಂದ್ರೆ ಆಂಪಿಯರ್ ಅವರ್, ವೋಲ್ಟ್ ಜೊತೆ ಗುಣಿಸಿದ್ರೆ ವ್ಯಾಟ್ ಅವರ್) ಎರಡು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ 80-90 ಪರ್ಸೆಂಟ್‌ವರೆಗೂ ಬಳಸ್ಬಹುದು, 25.6 ವೋಲ್ಟ್ 100 ಎಎಚ್‌ದು ಒಂದೇ ಸಾಕು, ಬಾಳಿಕೆನೂ ಎಷ್ಟೋ ಪಟ್ಟು ಜಾಸ್ತಿ.

ಪ್ಯಾನೆಲ್ ಕೊನೇಗೆ. 400 ವ್ಯಾಟ್ ಅನ್ನೋದು ಲ್ಯಾಬ್‌ನಲ್ಲಿ ಸೆಲ್ 25 ಡಿಗ್ರಿ ಇದ್ದಾಗ ಬರೋ ಅಂಕಿ, ಬಿಸಿಲಲ್ಲಿ ಕಾದ ಪ್ಯಾನೆಲ್ ಅಷ್ಟು ಕೊಡಲ್ಲ. 4 ಗಂಟೆ ಒಳ್ಳೆ ಬಿಸಿಲು, ಅದರಲ್ಲಿ ಮುಕ್ಕಾಲು ಪಾಲು ಕೈಗೆ ಬಂತು ಅಂದ್ರೂ ದಿನಕ್ಕೆ 1200 ವ್ಯಾಟ್ ಅವರ್. ರಾತ್ರಿ ಖರ್ಚಾಗಿದ್ದೇ ತುಂಬಲ್ಲ. ಎರಡು ಪ್ಯಾನೆಲ್ ಬೇಕು, ಮೋಡದ ದಿನಕ್ಕೆ ಗ್ರಿಡ್‌ನಿಂದಲೂ ಚಾರ್ಜ್ ಆಗೋ ಥರ ಇರ್ಲಿ.

ಕೆಂಪು_ವೈರು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಕೇಬಲ್ ಮತ್ತೆ ಫ್ಯೂಸ್ ಬಗ್ಗೆ ಯಾರೂ ಹೇಳಲ್ಲ ಅದಕ್ಕೆ ಬರೀತಿದ್ದೀನಿ. ನಾನು ಮೊದಲು 12 ವೋಲ್ಟ್ ಸಿಸ್ಟಮ್ ಕಟ್ಟಿದಾಗ ಬ್ಯಾಟರಿ ಟರ್ಮಿನಲ್ ಮೇಲಿನ ನಟ್ ಒಂಚೂರು ಸಡಿಲ ಇತ್ತು, ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹೋಗಿ ನೋಡಿದ್ರೆ ಕೆಂಪು ವೈರಿನ ಮೇಲಿನ ಪದರ ಮೆತ್ತಗಾಗಿ ಮೇಣದ ಥರ ಹೊಳೀತಿತ್ತು, ಮುಟ್ಟಿದ ಬೆರಳಿಗೆ ಬೊಬ್ಬೆ ಬಂತು. 12 ವೋಲ್ಟಲ್ಲಿ 1000 ವ್ಯಾಟ್ ಎಳೆದ್ರೆ 83 ಆಂಪ್ಸ್ ಹರಿಯುತ್ತೆ, 24 ವೋಲ್ಟ್ ಮಾಡಿದ್ರೆ ಅರ್ಧ, ಅದೇ ವೈರಲ್ಲಿ ಶಾಖ ಕಾಲು ಭಾಗಕ್ಕೆ ಇಳಿಯುತ್ತೆ. ಬಿಡಿಬಿಡಿಯಾಗಿ ಕಟ್ಟೋದಾದ್ರೆ 24ಕ್ಕೇ ಹೋಗಿ. ಫ್ಯೂಸ್ ಬ್ಯಾಟರಿ ಪಾಸಿಟಿವ್ ಪಕ್ಕದಲ್ಲೇ ಇರ್ಲಿ. ಮನೆ ಎಸಿ ಎಂಸಿಬಿನ (ಮೀಟರ್ ಬೋರ್ಡ್‌ನಲ್ಲಿರೋ ಟ್ರಿಪ್ ಸ್ವಿಚ್) ಸೋಲಾರ್ ಪ್ಯಾನೆಲ್ ಲೈನಿಗೆ ಹಾಕ್ಲೇಬೇಡಿ, ಪ್ಯಾನೆಲ್‌ನಿಂದ ಬರೋದು ಡಿಸಿ, ಅದರಲ್ಲಿ ಮನೆ ಎಸಿ ಥರ ಕರೆಂಟ್ ಆಗಾಗ ಸೊನ್ನೆಗೆ ಬರಲ್ಲ, ಹಾಗಾಗಿ ಒಳಗೆ ಹತ್ತಿದ ಕಿಡಿ ಆರಲ್ಲ. ಡಿಸಿ ಬ್ರೇಕರೇ ಬೇಕು. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂರೋ ಚಾರ್ಜ್ ಕಂಟ್ರೋಲರ್ ಎಂಪಿಪಿಟಿನೇ (ಪ್ಯಾನೆಲ್‌ನಿಂದ ಆದಷ್ಟು ಜಾಸ್ತಿ ಪವರ್ ಎಳೆಯೋ ಥರದ್ದು) ತಗೊಳ್ಳಿ.

ಇನ್ನೊಂದು ಮಾತು, ಫ್ರಿಜ್ ಕಂಪ್ರೆಸರ್ ಶುರುವಾಗೋ ಕ್ಷಣದಲ್ಲಿ ಓಡೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತೆ, ಆಗ ಇನ್ವರ್ಟರ್ ಟ್ರಿಪ್ ಆದ್ರೆ ಅಮ್ಮನ ಮಷಿನ್ನೂ ಆಫ್. ಸಿಪ್ಯಾಪ್‌ನ ದಯವಿಟ್ಟು ಬೇರೆ ಬ್ಯಾಟರಿಗೆ ಹಾಕಿ. ಬಹಳಷ್ಟು ಮಾಡೆಲ್‌ಗೆ 12 ಅಥವಾ 24 ವೋಲ್ಟ್ ಡಿಸಿ ಅಡಾಪ್ಟರ್ ಸಿಗುತ್ತೆ, ಇನ್ವರ್ಟರೇ ಬೇಡ.

ನೆರಳು_ನೋಡಿ:
ಪ್ಯಾನೆಲ್ ಇಡೋ ಜಾಗದಲ್ಲಿ ಒಂದು ದಿನ ಪೂರ್ತಿ ನೆರಳು ಹೇಗೆ ಓಡಾಡುತ್ತೆ ನೋಡ್ಕೊಳ್ಳಿ, ಒಂದು ಕಂಬದ ನೆರಳು ಬಿದ್ರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಸತ್ತಂಗಾಗ್ಬಹುದು. ಆಮೇಲೆ ಯಾರಾದ್ರೂ ಬ್ಯಾಟರಿ ಬೇಡ, ಆನ್‌ಗ್ರಿಡ್ (ನೇರ ಕರೆಂಟ್ ಲೈನಿಗೇ ಜೋಡಿಸೋ ಸೋಲಾರ್) ಹಾಕ್ಸಿ ಅಂದ್ರೆ ಕೇಳ್ಬೇಡಿ, ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದು ಅಂತ ಗ್ರಿಡ್ ಹೋದ ತಕ್ಷಣ ಅದು ತಾನೂ ಆಫ್ ಆಗುತ್ತೆ, ನಿಮಗೆ ಬೇಕಾಗಿರೋ ಹೊತ್ತಲ್ಲೇ ಇರಲ್ಲ.

ಹೊಸಬ_ಸೋಲಾರ್:
ತುಂಬಾ ಥ್ಯಾಂಕ್ಸ್, ಆ ಡಬ್ಬ ಸದ್ಯಕ್ಕೆ ತಗೊಳ್ತಿಲ್ಲ. ಪ್ಲಗ್‌ಗೆ ಹಾಕೋ ವ್ಯಾಟ್ ಮೀಟರ್ ಒಂದು ತಂದೆ. ಸಿಪ್ಯಾಪ್ ಹ್ಯುಮಿಡಿಫೈಯರ್ ಹೀಟರ್ ಆನ್ ಇದ್ದಾಗ 80 ದಾಟ್ತಿತ್ತು, ಆಫ್ ಮಾಡಿದ್ರೆ 35ರ ಆಸುಪಾಸು, ಇಷ್ಟು ವ್ಯತ್ಯಾಸ ಇರುತ್ತೆ ಅಂತ ಗೊತ್ತೇ ಇರ್ಲಿಲ್ಲ. ಕರೆಂಟ್ ಇಲ್ಲದ ರಾತ್ರಿ ಹೀಟರ್ ಇಲ್ದೆ ನಡೆಯುತ್ತಾ ಅಂತ ಡಾಕ್ಟರ್‌ನ ಕೇಳ್ತೀನಿ. ಅದಕ್ಕೆ ಬೇರೆ ಬ್ಯಾಟರಿ ಮೊದಲು, ಉಳಿದಿದ್ದು ಆಮೇಲೆ. ಮೀಟರ್ ಈಗ ಫ್ರಿಜ್ಜಿಗೆ ಹಾಕಿಟ್ಟಿದ್ದೀನಿ, ನಾಳೆ ಬೆಳಿಗ್ಗೆ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ.